ದೊಡ್ಡ ಪೂರ್ಣ ಸಂಖ್ಯೆಯ ಗುಣ ತಿಳಿಯಲು ಪಾರಿ/ಜಿಪಿ: ಎಲ್ಲಿ ನಂಬಬಹುದು, ಎಲ್ಲಿ ತಡೆದು ನೋಡಬೇಕು

ಇಪ್ಪತ್ತು, ಐವತ್ತು, ನೂರು ಅಂಕೆಗಳ ಪೂರ್ಣ ಸಂಖ್ಯೆಯೊಂದನ್ನು ಮುಂದಿಟ್ಟುಕೊಂಡು ಅದರ ಗುಣಗಳನ್ನು ಹುಡುಕುವವರಿಗೆ ಸಿಗುವ ಉಪಕರಣಗಳಲ್ಲಿ ಮೊದಲು ಕೈಹಾಕಬೇಕಾದದ್ದು ಪಾರಿ/ಜಿಪಿ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಆನ್ರಿ ಕೊಹೆನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಶುರುಮಾಡಿದ ತಂತ್ರಾಂಶ ಇದು. ಈಗ ಕರೀಂ ಬೆಲಾಬಾಸ್ ಮುಂದಾಳತ್ವದಲ್ಲಿ ಬೆಳೆಯುತ್ತಿದೆ. ಜಿಪಿಎಲ್ ಪರವಾನಗಿಯಲ್ಲಿ ಉಚಿತ. ಪಾರಿ ಎಂಬುದು ಸಿ ಭಾಷೆಯ ಲೈಬ್ರರಿ, ಜಿಪಿ ಎಂಬುದು ಅದರ ಮೇಲೆ ಕುಳಿತ ಕ್ಯಾಲ್ಕುಲೇಟರ್. ಸೇಜ್ ಎಂಬ ಗಣಿತ ತಂತ್ರಾಂಶ ಬಳಸುವವರು ಗೊತ್ತಿಲ್ಲದೆಯೇ ಇದನ್ನು ಬಳಸುತ್ತಿರುತ್ತಾರೆ, ಏಕೆಂದರೆ ಅದರ ಸಂಖ್ಯಾಸಿದ್ಧಾಂತದ ಕೆಲಸದಲ್ಲಿ ದೊಡ್ಡ ಪಾಲು ಒಳಗೊಳಗೆ ಪಾರಿಗೇ ಹೋಗುತ್ತದೆ.

ಇದರ ನಿಜವಾದ ಬಲ ಎಂದರೆ, ಒಂದು ಸಂಖ್ಯೆಯ ಯಾವ ಗುಣ ಅಗ್ಗ, ಯಾವುದು ದುಬಾರಿ ಎಂಬುದನ್ನು ಬಳಸುತ್ತ ಬಳಸುತ್ತ ಕಲಿಸಿಬಿಡುತ್ತದೆ. ದೌರ್ಬಲ್ಯವೂ ಇದೆ: ಸಾಬೀತಾದ ಉತ್ತರವನ್ನೂ ‘ಬಹುಮಟ್ಟಿಗೆ ಖಚಿತ’ ಎಂಬ ಉತ್ತರವನ್ನೂ ಒಂದೇ ರೂಪದಲ್ಲಿ ತೆರೆಯ ಮೇಲೆ ಇಡುತ್ತದೆ. ವ್ಯತ್ಯಾಸ ಗೊತ್ತಿರಬೇಕಾದದ್ದು ಬಳಸುವವರಿಗೆ.

ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ, ನಡುವೆ ಜಾಗ ಬಿಡಬೇಡಿ. ‘ಮಾಡ್’ ಒಂದರಲ್ಲಿ ಮಾತ್ರ ಮೊದಲಕ್ಷರ ದೊಡ್ಡದು. ಯಾವುದೇ ಆಜ್ಞೆಯ ಮೊದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಕಿರು ವಿವರಣೆ, ಎರಡು ಹಾಕಿದರೆ ಕೈಪಿಡಿಯ ಪೂರ್ಣ ಭಾಗ ತೆರೆದುಕೊಳ್ಳುತ್ತದೆ. ಈ ಕೈಪಿಡಿ ಬಹಳ ಚೆನ್ನಾಗಿದೆ. ಯಾವ ವಿಧಾನ ಒಳಗೆ ಓಡುತ್ತದೆ, ಉತ್ತರ ಎಷ್ಟರಮಟ್ಟಿಗೆ ಸಾಬೀತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಅಳವಡಿಕೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ವಿಂಡೋಸ್‌ಗೆ ಸಿದ್ಧ ಇನ್‌ಸ್ಟಾಲರ್ ಇದೆ, ಲಿನಕ್ಸಿನ ಮುಖ್ಯ ವಿತರಣೆಗಳಲ್ಲಿ ಪ್ಯಾಕೇಜ್ ಇದೆ, ಮ್ಯಾಕ್‌ಗೆ ಹೋಮ್‌ಬ್ರೂ ಮೂಲಕ ಬರುತ್ತದೆ, ಆಂಡ್ರಾಯ್ಡ್‌ಗೆ ಪಾರಿಡ್ರಾಯ್ಡ್ ಎಂಬ ಆ್ಯಪ್ ಇದೆ. ಬ್ರೌಸರಿನಲ್ಲೇ ಓಡುವ ರೂಪವೂ ಇದೆ. ಸಣ್ಣ ಲೆಕ್ಕಗಳಿಗೆ ಅದು ಸಾಕು, ಭಾರಿ ಅಪವರ್ತನಕ್ಕೆ ಕಂಪ್ಯೂಟರಿನಲ್ಲೇ ಹಾಕಿಕೊಳ್ಳಿ.

ಸಂಖ್ಯೆಯನ್ನು ಒಳಗೆ ಹಾಕುವಾಗಲೇ ಅರ್ಧ ತಪ್ಪುಗಳು ಆಗುವುದು. ಅಲ್ಪವಿರಾಮ ಹಾಕಿ ಗುಂಪು ಮಾಡಿದ ಸಂಖ್ಯೆಯನ್ನು ಜಿಪಿ ಒಪ್ಪುವುದಿಲ್ಲ, ಬರಿಯ ಅಂಕೆಗಳೇ ಬೇಕು. ಎರಡು ಸಾಲಿಗೆ ಹರಿದ ಸಂಖ್ಯೆಯನ್ನು ಪಿಡಿಎಫ್‌ನಿಂದ ನಕಲಿಸಿದರೆ ಎರಡನೆಯ ಸಾಲು ಬೇರೆಯದೇ ಸಂಖ್ಯೆಯಾಗಿಬಿಡುತ್ತದೆ. ಹಾಗಾಗಿ ಮೊದಲು ಒಂದೇ ಸಾಲಿಗೆ ಕೂಡಿಸಿ, ಆಮೇಲೆ ಅಂಟಿಸಿ, ನಂತರ ‘ಡಿಜಿಟ್ಸ್’ ಆಜ್ಞೆಯ ಮೊದಲಿಗೆ ಹ್ಯಾಷ್ ಚಿಹ್ನೆ ಹಾಕಿ ಎಷ್ಟು ಅಂಕೆಗಳಿವೆ ಎಂದು ಎಣಿಸಿ ನೋಡಿ. ಅಂಕೆಗಳ ಎಣಿಕೆಗೆ ಲಾಗರಿದಮ್ ಬಳಸುವ ಅಭ್ಯಾಸ ಬೇಡ. ಹತ್ತರ ಘಾತಗಳ ಆಸುಪಾಸಿನಲ್ಲಿ ದಶಮಾಂಶದ ದುಂಡಾಗುವಿಕೆಯಿಂದ ಒಂದು ಅಂಕೆ ಹೆಚ್ಚುಕಡಿಮೆ ಬರಬಹುದು. ‘ಲಾಗ್‌ಇಂಟ್’ ಪೂರ್ಣಾಂಕದಲ್ಲೇ ಲೆಕ್ಕ ಹಾಕುತ್ತದೆ, ಅದಕ್ಕೆ ಒಂದು ಸೇರಿಸಿದರೆ ಸರಿಯಾದ ಎಣಿಕೆ.

ಹತ್ತರ ಇಪ್ಪತ್ತನೆಯ ಘಾತ ಬೇಕಿದ್ದರೆ 10^20 ಎಂದೇ ಬರೆಯಿರಿ. ವೈಜ್ಞಾನಿಕ ರೂಪದಲ್ಲಿ ನಡುವೆ ‘ಇ’ ಅಕ್ಷರ ಹಾಕಿ ಬರೆದರೆ ಅದು ದಶಮಾಂಶ ಸಂಖ್ಯೆಯಾಗುತ್ತದೆ, ‘ಈಸ್‌ಪ್ರೈಮ್’ ಕೇಳಿದ ಕೂಡಲೇ ‘ಇದು ಪೂರ್ಣಾಂಕವಲ್ಲ’ ಎಂದು ತಿರುಗಿಸಿ ಕಳಿಸುತ್ತದೆ. ಇದು ಒಳ್ಳೆಯ ದೋಷ, ಕಣ್ಣಿಗೆ ಬೀಳುವಂಥದ್ದು. ಇನ್ನೊಂದು ಹಾಗಲ್ಲ: ಚರಾಕ್ಷರದ ಹೆಸರನ್ನು ತಪ್ಪಾಗಿ ಟೈಪ್ ಮಾಡಿದರೆ ಜಿಪಿ ಅದನ್ನು ಬಹುಪದೋಕ್ತಿಯ ಚರಾಕ್ಷರ ಎಂದು ತಿಳಿದು ಸುಮ್ಮನೆ ಮುಂದುವರಿಯುತ್ತದೆ. ಸಂಖ್ಯೆಯನ್ನು ‘ಎನ್’ನಲ್ಲಿ ಇಟ್ಟು ‘ಎಮ್’ಗೆ ‘ಫ್ಯಾಕ್ಟರ್’ ಕೇಳಿದರೆ ದೂರೇ ಇಲ್ಲದೆ ಉತ್ತರ ಬರುತ್ತದೆ. ಉತ್ತರದಲ್ಲಿ ಅಂಕೆಗಳ ಬದಲು ಅಕ್ಷರ ಕಂಡರೆ ಮೊದಲು ಹೆಸರನ್ನು ಪರೀಕ್ಷಿಸಿ.

ಸ್ಪ್ರೆಡ್‌ಶೀಟಿನಿಂದ ಸಂಖ್ಯೆ ತರುವುದಂತೂ ಬೇಡವೇ ಬೇಡ. ಅಲ್ಲಿ 15 ಅಂಕೆಗಳಷ್ಟೇ ಉಳಿದು ಮಿಕ್ಕವು ಸೊನ್ನೆಯಾಗುತ್ತವೆ. 18446744073709551615 ಎಂದು ಎಕ್ಸೆಲ್‌ನಲ್ಲಿ ಹಾಕಿದರೆ ಕೋಶದಲ್ಲಿ ಉಳಿಯುವುದು 18446744073709500000. ಮೂಲ ಸಂಖ್ಯೆ ಬೆಸ, ಇದು ಸಮ. ಭಾಜಕಗಳಿಂದ ಹಿಡಿದು ಎಲ್ಲ ಗುಣಗಳೂ ಕೆಟ್ಟುಹೋದವು.

ಅದೇ 18446744073709551615, ಅಂದರೆ 2^64−1, ಈ ವಿಮರ್ಶೆಗೆ ಒಳ್ಳೆಯ ಪರೀಕ್ಷಾ ಸಂಖ್ಯೆ. 20 ಅಂಕೆ. ‘ಸಮ್‌ಡಿಜಿಟ್ಸ್’ ಕೊಡುವ ಅಂಕೆಗಳ ಮೊತ್ತ 87, ಆದ್ದರಿಂದ ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. ‘ಹ್ಯಾಮಿಂಗ್‌ವೇಟ್’ 64, ದ್ವಿಮಾನದಲ್ಲಿ ಬರೆದರೆ ಎಲ್ಲ ಅಂಕೆಗಳೂ 1. ಅಂಕೆಗಳ ಮೇಲಿನ ಈ ಗುಣಗಳಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಹತ್ತರ ಬದಲು ಏಳರ ಆಧಾರದಲ್ಲಿ ಬರೆದರೆ ಅಂಕೆಗಳ ಮೊತ್ತ ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ‘ಡಿಜಿಟ್ಸ್’ಗೆ ಎರಡನೆಯ ಜಾಗದಲ್ಲಿ ಆಧಾರವನ್ನು ಕೊಟ್ಟು ಇದನ್ನು ನೋಡಬಹುದು.

ಮುಖ್ಯ ಆಜ್ಞೆ ‘ಫ್ಯಾಕ್ಟರ್’. ಎರಡು ಕಂಬಸಾಲುಗಳ ಕೋಷ್ಟಕ ಬರುತ್ತದೆ: ಎಡಕ್ಕೆ ಅವಿಭಾಜ್ಯಗಳು, ಬಲಕ್ಕೆ ಅವುಗಳ ಘಾತಸೂಚಿ. 2^64−1ಕ್ಕೆ ಎಡಗಡೆ 3, 5, 17, 257, 641, 65537, 6700417. ಬಲಗಡೆ ಎಲ್ಲವೂ 1. ಇಷ್ಟು ಅಚ್ಚುಕಟ್ಟಾಗಿ ಒಡೆಯಲು ಕಾರಣ ಇದೆ. ಎರಡು ವರ್ಗಗಳ ವ್ಯತ್ಯಾಸದ ಸೂತ್ರವನ್ನು ಮತ್ತೆ ಮತ್ತೆ ಹಾಕಿದರೆ ಈ ಸಂಖ್ಯೆ (2+1)(2^2+1)(2^4+1)(2^8+1)(2^16+1)(2^32+1) ಆಗುತ್ತದೆ. ಇವು ಮೊದಲ ಆರು ಫೆರ್ಮಾ ಸಂಖ್ಯೆಗಳು. ಮೊದಲ ಐದು ಅವಿಭಾಜ್ಯ. ಆರನೆಯದನ್ನೂ ಫೆರ್ಮಾ ಅವಿಭಾಜ್ಯವೆಂದೇ ಭಾವಿಸಿದ್ದರು, 1732ರಲ್ಲಿ ಆಯ್ಲರ್ ಅದು 641 × 6700417 ಎಂದು ತೋರಿಸಿದರು.

ಕೋಷ್ಟಕವನ್ನು ಒಂದು ಹೆಸರಿನಲ್ಲಿ ಹಿಡಿದಿಟ್ಟುಕೊಳ್ಳುವುದು ಈ ತಂತ್ರಾಂಶದಲ್ಲಿ ಕಲಿಯಬೇಕಾದ ಮೊದಲ ಒಳ್ಳೆಯ ಅಭ್ಯಾಸ. ‘ಎಫ್ಎ = ಫ್ಯಾಕ್ಟರ್(ಎನ್)’ ಎಂದು ಬರೆದು, ಆಮೇಲಿನ ಪ್ರತಿ ಪ್ರಶ್ನೆಗೂ ಸಂಖ್ಯೆಯ ಬದಲು ಆ ಕೋಷ್ಟಕವನ್ನೇ ಕೊಡಿ. ‘ನಮ್‌ಡಿವ್’, ‘ಸಿಗ್ಮಾ’, ‘ಆಯ್ಲರ್‌ಫೈ’, ‘ಮೊಬಿಯಸ್’, ‘ಒಮೆಗಾ’, ‘ಬಿಗ್‌ಒಮೆಗಾ’, ‘ಕೋರ್’ ಎಲ್ಲವೂ ಕೋಷ್ಟಕವನ್ನು ಒಪ್ಪುತ್ತವೆ. ಬರಿಯ ಸಂಖ್ಯೆ ಕೊಟ್ಟರೆ ಪ್ರತಿಯೊಂದೂ ಮತ್ತೆ ಮೊದಲಿನಿಂದ ಅಪವರ್ತಿಸಲು ಹೊರಡುತ್ತದೆ. 20 ಅಂಕೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. 80 ಅಂಕೆಯ ಕಠಿಣ ಸಂಖ್ಯೆಯಲ್ಲಿ ಒಂದೇ ಕೆಲಸಕ್ಕೆ ಐದು ಸಲ ಕಾಯಬೇಕಾಗುತ್ತದೆ. ‘ಫ್ಯಾಕ್ಟರ್‌ಬ್ಯಾಕ್’ ಕೋಷ್ಟಕವನ್ನು ಮತ್ತೆ ಗುಣಿಸಿ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಫೈಲಿನಿಂದ ಓದಿದ ಕೋಷ್ಟಕವಾದರೆ ಇದರಿಂದ ತಾಳೆ ನೋಡದೆ ಮುಂದೆ ಹೋಗಬೇಡಿ.

ಕೋಷ್ಟಕ ಕೈಗೆ ಬಂದಮೇಲೆ ಉಳಿದದ್ದು ಗುಣಾಕಾರವಷ್ಟೇ. ಏಳು ಬೇರೆ ಬೇರೆ ಅವಿಭಾಜ್ಯಗಳು, ಯಾವುದೂ ಎರಡು ಸಲ ಇಲ್ಲ, ಹಾಗಾಗಿ ಭಾಜಕಗಳು 2^7 = 128. ಮೊಬಿಯಸ್ ಬೆಲೆ (ಯಾವ ಅವಿಭಾಜ್ಯವೂ ಮರುಕಳಿಸದಿದ್ದಾಗ, ಅವುಗಳ ಎಣಿಕೆ ಸಮವಾದರೆ 1, ಬೆಸವಾದರೆ −1) ಏಳು ಬೆಸ ಆದ್ದರಿಂದ −1. ಭಾಜಕಗಳ ಮೊತ್ತ 31421980989189888768. ಇದು ಸಂಖ್ಯೆಯ ಎರಡರಷ್ಟಕ್ಕಿಂತ ಕಡಿಮೆ, ಸುಮಾರು 1.703 ಪಟ್ಟು, ಆದ್ದರಿಂದ ನ್ಯೂನ ಸಂಖ್ಯೆ. ಆಯ್ಲರ್ ಫೈ 9208981628670443520, ಅಂದರೆ ಒಂದರಿಂದ ಈ ಸಂಖ್ಯೆಯವರೆಗಿನವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇದರೊಂದಿಗೆ ಸಾಮಾನ್ಯ ಭಾಜಕ ಹೊಂದಿಲ್ಲ. ಮೂರರಿಂದ ಸರಿಯಾಗಿ ಒಂದೇ ಸಲ ಭಾಗವಾಗುವುದರಿಂದ ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ.

ಭಾಜಕಗಳ ಪಟ್ಟಿ ಬೇಕೆಂದು ‘ಡಿವೈಜರ್ಸ್’ ಕೇಳುವ ಮುನ್ನ ‘ನಮ್‌ಡಿವ್’ ಕೇಳಿ. 100ರ ಕ್ರಮಗುಣಿತವನ್ನು (100!) ಅಪವರ್ತಿಸಲು ಕ್ಷಣವೂ ಬೇಡ, ಅದರ ಅವಿಭಾಜ್ಯಗಳೆಲ್ಲ ನೂರರೊಳಗಿವೆ. ಆದರೆ ಅದರ ಭಾಜಕಗಳು 39001250856960000. ಆ ಪಟ್ಟಿ ಯಾವ ಕಂಪ್ಯೂಟರಿನ ಸ್ಮೃತಿಯಲ್ಲೂ ಹಿಡಿಯದು. ‘ಪಾರಿ ಸ್ಟ್ಯಾಕ್ ತುಂಬಿತು’ ಎಂಬ ದೋಷ ಹೆಚ್ಚಾಗಿ ಕಾಣುವುದು ಇಂಥ ಕಡೆ. ದೋಷ ಬಂದಾಗಲೆಲ್ಲ ಸ್ಮೃತಿ ಹೆಚ್ಚಿಸುವುದು ಪರಿಹಾರವಲ್ಲ, ಮೊದಲು ಪ್ರಶ್ನೆ ಸರಿಯೇ ಎಂದು ನೋಡಬೇಕು. ನಿಜಕ್ಕೂ ಹೆಚ್ಚು ಜಾಗ ಬೇಕಿದ್ದರೆ ‘ಪಾರಿಸೈಜ್‌ಮ್ಯಾಕ್ಸ್’ ಎಂಬ ಮಿತಿಯನ್ನು ‘ಡಿಫಾಲ್ಟ್’ ಆಜ್ಞೆಯಿಂದ ಒಂದೆರಡು ಗಿಗಾಬೈಟಿಗೆ ಏರಿಸಿ. ಜಿಪಿ ಬೇಕಾದಾಗ ಮಾತ್ರ ಅಲ್ಲಿಯವರೆಗೆ ಬೆಳೆಯುತ್ತದೆ. ಸಂರಚನಾ ಕಡತದಲ್ಲಿ ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಹೇಳಬೇಕಿಲ್ಲ.

ಈಗ ಈ ಉಪಕರಣ ನಿಜವಾಗಿ ಕಣ್ಣು ತೆರೆಸುವ ಭಾಗ. ಒಂದು ಸಾವಿರ ಅಂಕೆಯ ಸಂಖ್ಯೆ ಕೊಟ್ಟು ‘ಈಸ್‌ಸ್ಕ್ವೇರ್’ ಕೇಳಿ, ಉತ್ತರ ತಕ್ಷಣ. ‘ಈಸ್‌ಪವರ್’, ಅಂದರೆ ಇದು ಯಾವುದಾದರೂ ಸಂಖ್ಯೆಯ ಘನವೋ ಐದನೆಯ ಘಾತವೋ ಎಂಬುದು, ಅದೂ ತಕ್ಷಣ. ಇನ್ನೊಂದು ದೊಡ್ಡ ಸಂಖ್ಯೆಯ ಜೊತೆ ಮಹತ್ತಮ ಸಾಮಾನ್ಯ ಅಪವರ್ತನ (ಮಸಾಅ) ತಕ್ಷಣ. ಅವಿಭಾಜ್ಯವೇ ಎಂಬ ಪ್ರಾಥಮಿಕ ಪರೀಕ್ಷೆಯೂ ಬೇಗ ಮುಗಿಯುತ್ತದೆ. ಈಗ ಅದೇ ಸಂಖ್ಯೆಗೆ ‘ಈಸ್‌ಸ್ಕ್ವೇರ್‌ಫ್ರೀ’ ಕೇಳಿ: ಇದನ್ನು ಯಾವ ಅವಿಭಾಜ್ಯದ ವರ್ಗವೂ ಭಾಗಿಸುವುದಿಲ್ಲವೇ? ಚಿಕ್ಕ ಅವಿಭಾಜ್ಯವೊಂದರ ವರ್ಗ ಸಿಕ್ಕಿಬೀಳದಿದ್ದರೆ ಜಿಪಿ ನಿಂತೇಬಿಡುತ್ತದೆ. ‘ವರ್ಗವೇ?’ ಮತ್ತು ‘ವರ್ಗಮುಕ್ತವೇ?’ ಎಂಬ ಎರಡು ಪ್ರಶ್ನೆಗಳು ಕೇಳಲು ಒಂದೇ ಥರ ಇವೆ. ಮೊದಲನೆಯದಕ್ಕೆ ವರ್ಗಮೂಲ ಸಾಕು, ಎರಡನೆಯದಕ್ಕೆ ಅಪವರ್ತನ ತಪ್ಪಿಸಿ ಹೋಗುವ ಸಾಮಾನ್ಯ ದಾರಿ ಇವತ್ತಿಗೂ ತಿಳಿದಿಲ್ಲ. ಭಾಜಕಗಳ ಎಣಿಕೆ, ಭಾಜಕಗಳ ಮೊತ್ತ, ಆಯ್ಲರ್ ಫೈ, ಮೊಬಿಯಸ್ ಎಲ್ಲವೂ ಈ ಎರಡನೆಯ ಗುಂಪಿನವು. ಗುಣಗಳ ಉದ್ದನೆಯ ಪಟ್ಟಿ ನೋಡುವಾಗ ಈ ಗೆರೆಯನ್ನು ಮನಸ್ಸಿನಲ್ಲಿ ಎಳೆದುಕೊಂಡರೆ, ಯಾವ ಪ್ರಶ್ನೆಗೆ ಕಾಯಬೇಕು, ಯಾವುದಕ್ಕೆ ಕಾಯಬೇಕಿಲ್ಲ ಎಂಬುದು ಮೊದಲೇ ಗೊತ್ತಾಗುತ್ತದೆ.

ವರ್ಗದ ಪರೀಕ್ಷೆಗೆ ‘ಈಸ್‌ಸ್ಕ್ವೇರ್’ ಅನ್ನೇ ಬಳಸಿ, ‘ಎಸ್‌ಕ್ಯುಆರ್‌ಟಿ’ ಬೇಡ. 10^40+1ರ ವರ್ಗಮೂಲ ಕೇಳಿದರೆ ಡಿಫಾಲ್ಟಾದ 38 ಅಂಕೆಗಳ ನಿಖರತೆಯಲ್ಲಿ 10^20 ಆದಮೇಲೆ ಬರೀ ಸೊನ್ನೆಗಳೇ ಕಾಣುತ್ತವೆ, ಏಕೆಂದರೆ ನಿಜವಾದ ವ್ಯತ್ಯಾಸ ದಶಮಾಂಶದ 21ನೆಯ ಸ್ಥಾನದಲ್ಲಿದೆ. ನೋಡಿದವರು ಪೂರ್ಣವರ್ಗ ಎಂದೇ ತಿಳಿಯುತ್ತಾರೆ. ‘ಈಸ್‌ಸ್ಕ್ವೇರ್’ ಸರಿಯಾಗಿ 0 ಕೊಡುತ್ತದೆ. ವರ್ಗಮೂಲದ ಪೂರ್ಣಾಂಕ ಭಾಗ ಬೇಕಿದ್ದರೆ ‘ಎಸ್‌ಕ್ಯುಆರ್‌ಟಿಇಂಟ್’ ಇದೆ.

ಅವಿಭಾಜ್ಯ ಪರೀಕ್ಷೆಯಲ್ಲಿ ಎರಡು ಆಜ್ಞೆಗಳನ್ನು ಬೇರೆಬೇರೆಯಾಗಿ ಇಟ್ಟಿರುವುದು ಈ ತಂತ್ರಾಂಶದ ದೊಡ್ಡ ಗುಣ. ‘ಈಸ್‌ಸ್ಯೂಡೊಪ್ರೈಮ್’ ನಡೆಸುವುದು ಬೇಯ್ಲಿ, ಪೊಮರನ್ಸ್, ಸೆಲ್ಫ್ರಿಜ್, ವಾಗ್‌ಸ್ಟಾಫ್ ಹೆಸರಿನ ಜಂಟಿ ಪರೀಕ್ಷೆ. ಇದು ‘ಸಂಯುಕ್ತ’ ಎಂದರೆ ಅದು ಖಚಿತ. ‘ಅವಿಭಾಜ್ಯ’ ಎಂದರೆ 2^64ರ ಒಳಗೆ ಖಚಿತ, ಅಲ್ಲಿಯವರೆಗೆ ಎಲ್ಲವನ್ನೂ ಪರಿಶೀಲಿಸಲಾಗಿದೆ. ಅದರಾಚೆ ತಪ್ಪುವ ಒಂದು ಉದಾಹರಣೆಯೂ ಸಿಕ್ಕಿಲ್ಲ, ಆದರೆ ತಪ್ಪುವುದೇ ಇಲ್ಲ ಎಂಬ ಸಾಧನೆಯೂ ಇಲ್ಲ. ‘ಈಸ್‌ಪ್ರೈಮ್’ ಮುಂದಕ್ಕೆ ಹೋಗಿ ಗಣಿತೀಯ ಸಾಧನೆಯನ್ನೇ ಕಟ್ಟುತ್ತದೆ, ಅದಕ್ಕೆ ಹೆಚ್ಚು ಹೊತ್ತು ಬೇಕು. ‘ಪ್ರೈಮ್‌ಸರ್ಟ್’ ಬೇರೆಯವರು ತಾಳೆ ನೋಡಬಹುದಾದ ಪ್ರಮಾಣಪತ್ರವನ್ನೇ ಕೊಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು: ‘ಫ್ಯಾಕ್ಟರ್’ ಕೊಡುವ ಕೋಷ್ಟಕದ ಎಡಸಾಲಿನಲ್ಲಿರುವವು ಡಿಫಾಲ್ಟಾಗಿ ಮೊದಲ ಬಗೆಯ ಪರೀಕ್ಷೆಯನ್ನಷ್ಟೇ ದಾಟಿದವು. ಮೇಲಿನ ಉದಾಹರಣೆಯಲ್ಲಿ ಎಲ್ಲವೂ 2^64ಕ್ಕಿಂತ ಬಹಳ ಚಿಕ್ಕವು, ಚಿಂತೆಯಿಲ್ಲ. ಕೋಷ್ಟಕದಲ್ಲಿ 40 ಅಂಕೆಯ ಅವಿಭಾಜ್ಯ ಕಂಡರೆ, ಆ ಫಲಿತಾಂಶವನ್ನು ಎಲ್ಲಾದರೂ ಪ್ರಕಟಿಸುವುದಿದ್ದರೆ, ಅದರ ಮೇಲೆ ‘ಈಸ್‌ಪ್ರೈಮ್’ ಓಡಿಸಿ. ಇಲ್ಲವೇ ‘ಫ್ಯಾಕ್ಟರ್_ಪ್ರೂವನ್’ ಎಂಬ ಸೆಟ್ಟಿಂಗನ್ನು 1 ಮಾಡಿದರೆ ಪ್ರತಿ ಅಪವರ್ತನವನ್ನೂ ಸಾಧಿಸಿಯೇ ಕೊಡುತ್ತದೆ. ಇದನ್ನು ಡಿಫಾಲ್ಟಾಗಿಯೇ ಇಡಬಹುದಿತ್ತು. 60–70 ಅಂಕೆಯ ಅವಿಭಾಜ್ಯಕ್ಕೆ ತಗಲುವ ಹೆಚ್ಚುವರಿ ಸಮಯ ನಗಣ್ಯ.

ಫೆರ್ಮಾ ಪರೀಕ್ಷೆಯನ್ನು ಕೈಯಾರೆ ಮಾಡಿನೋಡುವವರು ಬಹುಪಾಲು ಒಂದೇ ಗುಂಡಿಗೆ ಬೀಳುತ್ತಾರೆ. ‘2ರ ಘಾತ ಎನ್−1ನ್ನು ಎನ್‌ನಿಂದ ಭಾಗಿಸಿದ ಶೇಷ’ (2 ಇಲ್ಲಿ ಆಧಾರ; ಎನ್ ಬೆಸ ಅವಿಭಾಜ್ಯವಾದರೆ ಈ ಶೇಷ 1 ಆಗಲೇಬೇಕು) ಎಂಬುದನ್ನು ಹೇಳಿದಂತೆಯೇ ಬರೆದರೆ ಜಿಪಿ ಮೊದಲು ಆ ಘಾತವನ್ನು ಪೂರ್ತಿಯಾಗಿ ಲೆಕ್ಕ ಹಾಕಲು ಹೋಗುತ್ತದೆ. ಎನ್ 20 ಅಂಕೆಯದ್ದಾದರೆ ಆ ಘಾತದ ಅಂಕೆಗಳ ಎಣಿಕೆಯೇ 19 ಅಂಕೆಯ ಆಸುಪಾಸಿನ ಸಂಖ್ಯೆ, ಯಾವ ಯಂತ್ರದಲ್ಲೂ ಹಿಡಿಯದು. ‘ಮಾಡ್(2, ಎನ್)’ ಎಂದು ಬರೆದು ಅದಕ್ಕೆ ಘಾತ ಹಾಕಿದರೆ ಪ್ರತಿ ಹೆಜ್ಜೆಯಲ್ಲೂ ಶೇಷವನ್ನಷ್ಟೇ ಉಳಿಸಿಕೊಂಡು ತಕ್ಷಣ ಮುಗಿಸುತ್ತದೆ.

ಫೆರ್ಮಾ ಪರೀಕ್ಷೆಯೊಂದನ್ನೇ ನಂಬಬಾರದು ಎಂಬುದಕ್ಕೆ 3215031751 ಒಳ್ಳೆಯ ಸಾಕ್ಷಿ. ಇದು 151 × 751 × 28351. ಕಾರ್ಮೈಕೆಲ್ ಸಂಖ್ಯೆ, ಅಂದರೆ ಈ ಮೂರು ಅವಿಭಾಜ್ಯಗಳಿಂದ ಭಾಗವಾಗದ ಯಾವ ಆಧಾರ ತೆಗೆದುಕೊಂಡರೂ ಫೆರ್ಮಾ ಪರೀಕ್ಷೆ ದಾಟಿಬಿಡುತ್ತದೆ. ಅಷ್ಟೇ ಅಲ್ಲ, 2, 3, 5, 7 ಈ ನಾಲ್ಕೂ ಆಧಾರಗಳ ಕಠಿಣ ಮಿಲ್ಲರ್–ರಾಬಿನ್ ಪರೀಕ್ಷೆಯನ್ನೂ ದಾಟುತ್ತದೆ. ಜಿಪಿಯ ಎರಡೂ ಆಜ್ಞೆಗಳು ಇದನ್ನು ಸಂಯುಕ್ತ ಎಂದು ಸರಿಯಾಗಿಯೇ ಹೇಳುತ್ತವೆ, ಏಕೆಂದರೆ ಒಳಗಿನ ಪರೀಕ್ಷೆಯಲ್ಲಿ ಲೂಕಾಸ್ ಬಗೆಯ ಎರಡನೆಯ ಹಂತವೂ ಇದೆ. ನಾಲ್ಕು ಆಧಾರ ಇಟ್ಟುಕೊಂಡು ಸ್ವಂತ ಪ್ರೋಗ್ರಾಂ ಬರೆದವರು ಈ ಸಂಖ್ಯೆಯನ್ನು ಪರೀಕ್ಷಾಪಟ್ಟಿಗೆ ಸೇರಿಸಿಕೊಳ್ಳಲಿ.

ಒಂದು ಸಂಖ್ಯೆ ಯಾವ ಕುಟುಂಬದ್ದು ಎಂದು ಗೊತ್ತಿದ್ದರೆ ಅದರ ಅವಿಭಾಜ್ಯಗಳ ಆಕಾರವೂ ಮೊದಲೇ ಗೊತ್ತಾಗುತ್ತದೆ. 2^67−1, ಅಂದರೆ 147573952589676412927, ಇದಕ್ಕೆ ಪ್ರಸಿದ್ಧ ಉದಾಹರಣೆ. 1644ರಲ್ಲಿ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಹಾಕಿದ್ದರು. 1876ರಲ್ಲಿ ಲೂಕಾಸ್ ಇದು ಸಂಯುಕ್ತ ಎಂದು ಸಾಧಿಸಿದರು, ಆದರೆ ಅಪವರ್ತನ ಸಿಗಲಿಲ್ಲ. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು 193707721 × 761838257287 ಎಂದು ಒಡೆದರು. ಜಿಪಿಯಲ್ಲಿ ಗಡಿಯಾರ ಹಾಕಿಟ್ಟು (ಹ್ಯಾಷ್ ಚಿಹ್ನೆಯೊಂದನ್ನೇ ಒತ್ತಿದರೆ ಪ್ರತಿ ಆಜ್ಞೆಯ ಸಮಯ ತೋರಿಸುತ್ತದೆ) ಇದನ್ನೇ ಕೇಳಿದರೆ ಸಮಯ ಮಿಲಿಸೆಕೆಂಡುಗಳಲ್ಲಿ. ಆದರೆ ಫಲಿತಾಂಶದ ಜೊತೆ ಇನ್ನೊಂದು ಹೆಜ್ಜೆ ಹಾಕಿ: ಎರಡೂ ಅವಿಭಾಜ್ಯಗಳಿಂದ ಒಂದನ್ನು ಕಳೆದು 134ರಿಂದ ಭಾಗಿಸಿ. 193707720 = 134 × 1445580, 761838257286 = 134 × 5685360129. ಎರಡೂ ನಿಶ್ಶೇಷ. ಏಕೆಂದರೆ ಇಂಥ ಅವಿಭಾಜ್ಯದ ಶೇಷಲೋಕದಲ್ಲಿ 2ರ ಕ್ರಮಾಂಕ (ಎಷ್ಟನೆಯ ಘಾತದಲ್ಲಿ ಶೇಷ ಮೊದಲ ಬಾರಿಗೆ 1 ಆಗುತ್ತದೋ ಅದು) ಸರಿಯಾಗಿ 67. ‘ಝಡ್‌ಎನ್‌ಆರ್ಡರ್’ ಆಜ್ಞೆಗೆ ‘ಮಾಡ್(2, 193707721)’ ಕೊಟ್ಟರೆ 67 ಎಂದೇ ಬರುತ್ತದೆ. ಆ ಕ್ರಮಾಂಕ ಅವಿಭಾಜ್ಯಕ್ಕಿಂತ ಒಂದು ಕಡಿಮೆಯದನ್ನು ಭಾಗಿಸಲೇಬೇಕು. ಅದು ಸಮವೂ ಆದ್ದರಿಂದ 2 × 67 = 134ರಿಂದ ಭಾಗವಾಗುತ್ತದೆ. ಅಪವರ್ತನ ಏಕೆ ಹಾಗೆ ಬಂತು ಎಂಬುದನ್ನು ಇಷ್ಟು ಕಡಿಮೆ ಶ್ರಮದಲ್ಲಿ ತೋರಿಸುವ ಉಪಕರಣ ಅಪರೂಪ.

ಇದೇ ಆಜ್ಞೆಯಲ್ಲಿ 2ರ ಬದಲು 10 ಹಾಕಿದರೆ ದಶಮಾಂಶದ ಆವರ್ತದ ಉದ್ದ ಸಿಗುತ್ತದೆ. 2^64−1ರ ಅವಿಭಾಜ್ಯಗಳನ್ನೇ, 5 ಒಂದನ್ನು ಬಿಟ್ಟು, ಒಂದೊಂದಾಗಿ ಹಾಕಿ ನೋಡಿ. 1/17ರ ಅಂಕೆಗಳು 16ಕ್ಕೊಮ್ಮೆ ಮರುಕಳಿಸುತ್ತವೆ, 1/257ರವು 256ಕ್ಕೊಮ್ಮೆ, 1/65537ರವು 65536ಕ್ಕೊಮ್ಮೆ. ಮೂರರಲ್ಲೂ ಸಾಧ್ಯವಿರುವ ಗರಿಷ್ಠ ಉದ್ದ. ಆದರೆ 1/641ರದ್ದು ಕೇವಲ 32, ಏಕೆಂದರೆ 641 ಎಂಬುದು 10^16+1ನ್ನು ಭಾಗಿಸುತ್ತದೆ.

ಎರಡು ವರ್ಗಗಳ ಮೊತ್ತದ ಪ್ರಶ್ನೆಯೂ ಇಲ್ಲಿ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ಈಚಿನ ಆವೃತ್ತಿಗಳ ‘ಕ್ಯುಎಫ್‌ಬಿಸಾಲ್ವ್’ ಆಜ್ಞೆಗೆ ವರ್ಗಗಳ ಮೊತ್ತದ ರೂಪ, ಸಂಖ್ಯೆ, ಮೂರನೆಯ ಜಾಗದಲ್ಲಿ 1 ಕೊಟ್ಟರೆ ಸಾಮಾನ್ಯ ಭಾಜಕವಿಲ್ಲದ ಜೋಡಿಗಳ ಪರಿಹಾರಗಳೆಲ್ಲ ಬರುತ್ತವೆ. ಮೂರನೆಯದನ್ನು ಬಿಟ್ಟರೆ ಒಂದೇ ಪರಿಹಾರ. 2^32+1ಕ್ಕೆ 65536² + 1² ಎಂಬುದು ನೋಡಿದ ಕೂಡಲೇ ಕಾಣುತ್ತದೆ, ಅದರ ಜೊತೆ 62264² + 20449² ಕೂಡ ಇದೆ. ಅವಿಭಾಜ್ಯವೊಂದನ್ನು ಎರಡು ಭಿನ್ನ ರೀತಿಯಲ್ಲಿ ಹೀಗೆ ಬರೆಯಲು ಆಗುವುದಿಲ್ಲ. ಎರಡನೆಯ ರೂಪ ಸಿಕ್ಕ ಕ್ಷಣವೇ ಸಂಖ್ಯೆ ಸಂಯುಕ್ತ ಎಂದು ತೀರ್ಮಾನವಾಯಿತು.

ಇನ್ನು ಜಿಪಿ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಬರೋಣ. ‘ಫ್ಯಾಕ್ಟರ್’ ಒಳಗೆ ಹಲವು ವಿಧಾನಗಳು ಸರದಿಯಲ್ಲಿ ಓಡುತ್ತವೆ: ಮೊದಲು ಚಿಕ್ಕ ಅವಿಭಾಜ್ಯಗಳಿಂದ ನೇರ ಭಾಗಾಕಾರ, ಆಮೇಲೆ ಶುದ್ಧ ಘಾತವೇ ಎಂಬ ಪರೀಕ್ಷೆ, ಪೊಲಾರ್ಡ್ ರೋ, ಶ್ಯಾಂಕ್ಸ್‌ನ ವಿಧಾನ, ಲೆನ್‌ಸ್ಟ್ರಾ ಅವರ ಎಲಿಪ್ಟಿಕ್ ಕರ್ವ್ ವಿಧಾನ, ಕೊನೆಗೆ ಕ್ವಾಡ್ರಾಟಿಕ್ ಸೀವ್. ಎಲಿಪ್ಟಿಕ್ ಕರ್ವ್ ವಿಧಾನದ ಖರ್ಚು ಮುಖ್ಯವಾಗಿ ಹುಡುಕುತ್ತಿರುವ ಅಪವರ್ತನದ ಗಾತ್ರದ ಮೇಲೆ ನಿಂತಿದೆ, ಸೀವಿನ ಖರ್ಚು ಉಳಿದ ಸಂಖ್ಯೆಯ ಗಾತ್ರದ ಮೇಲೆ. ಆದ್ದರಿಂದ ‘ಎಷ್ಟು ಅಂಕೆಯವರೆಗೆ ಆಗುತ್ತದೆ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಇನ್ನೂರು ಅಂಕೆಯ ಸಂಖ್ಯೆಯಲ್ಲಿ ದೊಡ್ಡದೊಂದನ್ನು ಬಿಟ್ಟು ಉಳಿದ ಅವಿಭಾಜ್ಯಗಳೆಲ್ಲ ಚಿಕ್ಕವಾಗಿದ್ದರೆ ಬೇಗ ಮುಗಿಯುತ್ತದೆ. ಎರಡು ಸಮಗಾತ್ರದ ಅವಿಭಾಜ್ಯಗಳ ಗುಣಲಬ್ಧವಾದರೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ 60 ಅಂಕೆಗೆ ಸೆಕೆಂಡುಗಳು, 80ಕ್ಕೆ ನಿಮಿಷಗಳು, 100ಕ್ಕೆ ಗಂಟೆಗಳು ಎಂಬ ಅಂದಾಜು ಇಟ್ಟುಕೊಳ್ಳಿ. ಸುಮಾರು ಮೂರು ಅಂಕೆ ಹೆಚ್ಚಾದಂತೆಲ್ಲ ಸಮಯ ಇಮ್ಮಡಿಯಾಗುತ್ತದೆ. ನೂರಕ್ಕಿಂತ ಸ್ವಲ್ಪ ಮೇಲೆ ಹೋದರೆ ಜಿಪಿಯ ಸೀವ್ ಕೈಬಿಡುತ್ತದೆ, ಮತ್ತೆ ಎಲಿಪ್ಟಿಕ್ ಕರ್ವ್ ಮೇಲೆಯೇ ಭಾರ ಬೀಳುತ್ತದೆ. ಆಗ ದಿನಗಟ್ಟಲೆ ಕಾದರೂ ಏನೂ ಬರದೆ ಇರಬಹುದು.

ಕಾಯುವ ಬದಲು ಮಿತಿ ಹಾಕಿ ಕೇಳುವ ದಾರಿಯೂ ಇದೆ. ‘ಫ್ಯಾಕ್ಟರ್’ಗೆ ಎರಡನೆಯ ಜಾಗದಲ್ಲಿ 10^6 ಕೊಟ್ಟರೆ ಅಷ್ಟರೊಳಗಿನ ಅವಿಭಾಜ್ಯಗಳನ್ನು ಮಾತ್ರ ತೆಗೆದು ನಿಲ್ಲಿಸುತ್ತದೆ. ಇಲ್ಲಿ ಎಚ್ಚರ ಬೇಕು: ಕೋಷ್ಟಕದ ಕೊನೆಯ ಸಾಲು ಆಗ ಅವಿಭಾಜ್ಯವೇ ಆಗಿರಬೇಕೆಂದಿಲ್ಲ, ಆದರೆ ಕೋಷ್ಟಕ ಎಂದಿನಂತೆಯೇ ಕಾಣುತ್ತದೆ. ಅದನ್ನು ನೇರವಾಗಿ ‘ಆಯ್ಲರ್‌ಫೈ’ಗೆ ಕೊಟ್ಟರೆ ತಪ್ಪು ಉತ್ತರ, ಯಾವ ಎಚ್ಚರಿಕೆಯೂ ಇಲ್ಲದೆ. ‘ಫ್ಯಾಕ್ಟರ್‌ಇಂಟ್’ನ ಸೂಚಕಗಳಲ್ಲೂ ಇದೇ ಅಪಾಯ: 1 ಸೀವನ್ನು ತಪ್ಪಿಸುತ್ತದೆ, 2 ಮೊದಲ ಹಂತದ ಎಲಿಪ್ಟಿಕ್ ಕರ್ವನ್ನು, 4 ರೋ ಮತ್ತು ಶ್ಯಾಂಕ್ಸ್ ವಿಧಾನಗಳನ್ನು. 8 ಕೊನೆಯ ಎಲಿಪ್ಟಿಕ್ ಕರ್ವ್ ಹಂತವನ್ನು ತಪ್ಪಿಸುವುದರಿಂದ ದೊಡ್ಡ ಸಂಯುಕ್ತ ಸಂಖ್ಯೆಯೊಂದು ಅವಿಭಾಜ್ಯದ ಜಾಗದಲ್ಲಿ ಕುಳಿತುಬಿಡಬಹುದು. 8 ಬಳಸಿದಾಗಲೆಲ್ಲ ಎಡಸಾಲಿನ ಪ್ರತಿಯೊಂದನ್ನೂ ‘ಈಸ್‌ಸ್ಯೂಡೊಪ್ರೈಮ್’ಗೆ ಹಾಕಿ ನೋಡಿ.

ಭಾಜಕಗಳ ಮೊತ್ತದಿಂದ ಸಂಖ್ಯೆಯನ್ನೇ ಕಳೆದು, ಬಂದದ್ದರ ಮೇಲೆ ಮತ್ತೆ ಅದನ್ನೇ ಮಾಡುವ ಸರಣಿಯಲ್ಲಿ ಈ ಗೋಡೆ ಚೆನ್ನಾಗಿ ಕಾಣುತ್ತದೆ. 276ರಿಂದ ಶುರುಮಾಡಿದರೆ 396, 696 ಎಂದು ಬೆಳೆಯುತ್ತದೆ. ಜಿಪಿಯಲ್ಲಿ ಒಂದೇ ಸಾಲಿನ ಲೂಪ್. ಮೊದಮೊದಲು ಹಾರಿಕೊಂಡು ಹೋಗುತ್ತದೆ, ಪದಗಳು 80–90 ಅಂಕೆ ಮುಟ್ಟಿದಮೇಲೆ ಒಂದೊಂದು ಹೆಜ್ಜೆಯೂ ಭಾರ. ಈ ಸರಣಿ ಎಂದಾದರೂ ನಿಲ್ಲುತ್ತದೆಯೇ ಎಂಬುದು ಇನ್ನೂ ಬಿಡಿಸದ ಪ್ರಶ್ನೆ. ಸಾವಿರದೊಳಗೆ 552, 564, 660, 966 ಇವುಗಳದ್ದೂ ಅದೇ ಕಥೆ.

ಅಲ್ಲಿಂದ ಮುಂದಕ್ಕೆ ಬೇರೆ ಉಪಕರಣ ಬೇಕು. 80ರಿಂದ 100 ಅಂಕೆಯ ನಡುವೆ ಯಾಫು ಎಂಬ ಅಪವರ್ತನ ತಂತ್ರಾಂಶ ಹೆಚ್ಚು ವೇಗ. ಕಂಪ್ಯೂಟರಿನ ಎಲ್ಲ ಕೋರ್‌ಗಳನ್ನೂ ದುಡಿಸಿಕೊಳ್ಳುತ್ತದೆ, ಸೀವಿನ ಕೆಲಸವನ್ನು ಫೈಲಿನಲ್ಲಿ ಉಳಿಸುತ್ತ ಹೋಗುವುದರಿಂದ ವಿದ್ಯುತ್ ಹೋದರೂ ಮತ್ತೆ ಮುಂದುವರಿಸಬಹುದು. ಜಿಪಿಯಲ್ಲಿ ಈ ಸೌಲಭ್ಯ ಇಲ್ಲದಿರುವುದು ದೊಡ್ಡ ಕೊರತೆ. ಅದಕ್ಕೂ ದೊಡ್ಡ ಸಂಖ್ಯೆಗಳಿಗೆ ನಂಬರ್ ಫೀಲ್ಡ್ ಸೀವ್ ನಡೆಸುವ ಕಾಡೊ-ಎನ್‌ಎಫ್‌ಎಸ್ ಇದೆ. 250 ಅಂಕೆಯ ಸವಾಲು ಸಂಖ್ಯೆಯಾದ ಆರ್‌ಎಸ್‌ಎ-250ನ್ನು 2020ರಲ್ಲಿ ಒಡೆದದ್ದು ಅದರಿಂದಲೇ, ಸುಮಾರು 2700 ಕೋರ್-ವರ್ಷಗಳ (ಒಂದು ಕೋರ್ ಒಂದು ವರ್ಷ ದುಡಿಯುವುದು ಒಂದು ಕೋರ್-ವರ್ಷ) ಲೆಕ್ಕ ಹಿಡಿಯಿತು.

ಹೊರಗೆ ಸಿಕ್ಕ ಅಪವರ್ತನವನ್ನು ಮತ್ತೆ ಜಿಪಿಗೆ ತರಲು ‘ಆ್ಯಡ್‌ಪ್ರೈಮ್ಸ್’ ಇದೆ. ಒಂದು ದೊಡ್ಡ ಅವಿಭಾಜ್ಯವನ್ನು ಇದರಿಂದ ಒಳಪಟ್ಟಿಗೆ ಸೇರಿಸಿದರೆ, ‘ಫ್ಯಾಕ್ಟರ್’ ಅದರಿಂದಲೂ ಭಾಗಿಸಿ ನೋಡುತ್ತದೆ, ಗಂಟೆಗಳ ಕೆಲಸ ಕ್ಷಣಕ್ಕಿಳಿಯುತ್ತದೆ. ಸೇರಿಸಿದ್ದು ನಿಜವಾಗಿ ಅವಿಭಾಜ್ಯವೇ ಎಂದು ಜಿಪಿ ಪರೀಕ್ಷಿಸುವುದಿಲ್ಲ, ‘ಫ್ಯಾಕ್ಟರ್_ಪ್ರೂವನ್’ 1 ಇದ್ದರೂ ಇಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಸಂಖ್ಯೆಯನ್ನು ಅದರಿಂದ ಭಾಗಿಸಿ ಶೇಷ ಸೊನ್ನೆಯೇ ಎಂದು ನೋಡಿ, ಆಮೇಲೆ ‘ಈಸ್‌ಪ್ರೈಮ್’, ನಂತರ ‘ಆ್ಯಡ್‌ಪ್ರೈಮ್ಸ್’, ಕೊನೆಗೆ ‘ಎಫ್ಎ = ಫ್ಯಾಕ್ಟರ್(ಎನ್)’. ಕೆಲಸ ಮುಗಿದಮೇಲೆ ‘ರಿಮೂವ್‌ಪ್ರೈಮ್ಸ್’ನಿಂದ ಪಟ್ಟಿ ಖಾಲಿ ಮಾಡಿಬಿಡಿ. ಇಲ್ಲದಿದ್ದರೆ ಮುಂದಿನ ಪ್ರತಿ ಅಪವರ್ತನದಲ್ಲೂ ಜಿಪಿ ಆ ಹಳೆಯ ಸಂಖ್ಯೆಗಳಿಂದ ಭಾಗಿಸಿ ನೋಡುತ್ತಲೇ ಇರುತ್ತದೆ.